ಹಳೆಯ ರಾಕ್ ಪತ್ರಿಕೆಯ ಅಂಚಿನಲ್ಲಿ

ಮಳೆಗಾಲಕ್ಕೆ ಮುಂಚೆ ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸಿ, ಧೂಳು ಹೊಡೆದು, ಮತ್ತೆ ಮೇಲೇರಿಸುವುದು ನಮ್ಮ ಮನೆಯ ಹಳೆಯ ಪದ್ಧತಿ. ಮುಳಬಾಗಿಲು ತಾಲ್ಲೂಕಿನಲ್ಲಿ ಮಳೆ ಎಂಬುದು ಬಂದರೆ ಬಂತು, ಇಲ್ಲವಾದರೆ ಇಲ್ಲ. ಅಟ್ಟದ ಸಾಮಾನು ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಇಳಿಯುತ್ತದೆ. ಈ ಸಲ ಹಾಗೆ ಇಳಿದ ತಗಡಿನ ಟ್ರಂಕಿನ ತಳದಲ್ಲಿ, ಕಾಲೇಜಿನ ನೋಟ್ಸು, ಹಳೆಯ ಬಸ್ ಪಾಸು, ಯಾರ ಯಾರದೋ ಮದುವೆಯ ಕರೆಯೋಲೆಗಳ ಅಡಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ರಕ್ಷಾಪುಟವಿಲ್ಲ. ಮೊದಲ ಕೆಲವು ಹಾಳೆಗಳ ಮೂಲೆಯನ್ನು ಇಲಿ ರುಚಿ ನೋಡಿ, ಹಿಡಿಸದೆ ಬಿಟ್ಟಿದೆ. "ಇದನ್ನ ರದ್ದಿಗೆ ಹಾಕ್ಲಾ?" ಎಂದು ನನ್ನಾಕೆ ಕೇಳಿದಳು. "ತಾಳು, ನೋಡೋಣ" ಎಂದು ಕೂತವನು ದೀಪ ಹಚ್ಚುವ ಹೊತ್ತಿನವರೆಗೆ ಏಳಲಿಲ್ಲ.

ಅದು 'ರಾಕ್ ಸ್ಟ್ರೀಟ್ ಜರ್ನಲ್' ಪತ್ರಿಕೆಯ ಒಂದು ಸಂಚಿಕೆ. ತಾರೀಖು ರಕ್ಷಾಪುಟದ ಜೊತೆಯಲ್ಲೇ ಹೋಗಿದೆ. ಆದರೆ ಅಮೆರಿಕದ ನಿರ್ವಾಣ ತಂಡದ ಗಾಯಕ ಕರ್ಟ್ ಕೊಬೇನ್ ಸತ್ತ ದುಃಖ ಒಳಪುಟಗಳಲ್ಲಿ ಇನ್ನೂ ಹಸಿಯಾಗಿರುವುದರಿಂದ, ಅದು 1994ರ ಏಪ್ರಿಲ್ ಕಳೆದ ಮೇಲಿನದು ಎಂದು ಲೆಕ್ಕ ಹಾಕಬಹುದು. ಆತ ತಾನೇ ಜೀವ ತೆಗೆದುಕೊಂಡಾಗ ಅವನಿಗೆ 27 ವರ್ಷ. ಸಂಚಿಕೆ ಓದುವಾಗ ನಮಗೆ ಹತ್ತೊಂಬತ್ತೋ ಇಪ್ಪತ್ತೋ. ಇಪ್ಪತ್ತೇಳು ಎಂದರೆ ಆಗ ನಮ್ಮ ಕಣ್ಣಿಗೆ ಸಾಕಷ್ಟು ವಯಸ್ಸೇ.

ಈ ಪತ್ರಿಕೆಯನ್ನು 1993ರಲ್ಲಿ ಅಮಿತ್ ಸೈಗಲ್ ಎಂಬ ಯುವಕ ಶುರುಮಾಡಿದ್ದು ಮುಂಬೈಯಲ್ಲೂ ಅಲ್ಲ, ದೆಹಲಿಯಲ್ಲೂ ಅಲ್ಲ, ಇಂದು ಪ್ರಯಾಗರಾಜ್ ಎನಿಸಿಕೊಂಡಿರುವ ಅಲಹಾಬಾದಿನಲ್ಲಿ. ಸಂಗಮ ಸ್ನಾನಕ್ಕೆ ಹೆಸರಾದ ಊರಿನಿಂದ ರಾಕ್ ಸಂಗೀತದ ಪತ್ರಿಕೆ ಹೊರಟದ್ದೇ ನಮಗೆ ದೊಡ್ಡ ಧೈರ್ಯ. ಅಲಹಾಬಾದಿನಲ್ಲಿ ಆಗುವುದಾದರೆ ಕೋಲಾರದಲ್ಲಿ ಯಾಕಾಗದು ಎಂದು ಚಹಾ ಕುಡಿಯುತ್ತಾ ಎಷ್ಟೋ ಸಂಜೆ ಯೋಚನೆ ಹಾಕಿದ್ದೆವು. ಚಹಾ ಮುಗಿದ ಕೂಡಲೇ ಯೋಚನೆಯೂ ಮುಗಿಯುತ್ತಿತ್ತು ಎನ್ನಿ.

'ನಾವು' ಎಂದರೆ ನಾಲ್ವರು. ಒಬ್ಬ ಕೆ.ಜಿ.ಎಫ್‌ನವನು, ಒಬ್ಬ ಮಾಲೂರಿನವನು, ಒಬ್ಬ ಶ್ರೀನಿವಾಸಪುರದ ಕಡೆಯ ಹಳ್ಳಿಯವನು, ಇನ್ನೊಬ್ಬ ಮುಳಬಾಗಿಲಿನ ನಾನು. ನಾಲ್ವರೂ ಕೋಲಾರದಲ್ಲಿ ಬಿ.ಎ. ಓದುತ್ತಿದ್ದೆವು. ನಾವು ಮೂವರು ಪೇಟೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದರೆ, ಶ್ರೀನಿವಾಸಪುರದವನು ಸರ್ಕಾರಿ ಹಾಸ್ಟೆಲಿನಲ್ಲಿದ್ದ. ರೂಮು ಬಾಡಿಗೆಗೆ ಕೊಡುವ ಮುಂಚೆ ಮನೆಯವರು ಏನೇನು ವಿಚಾರಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವನು ನಮ್ಮ ಜೊತೆ ಯಾಕಿಲ್ಲ ಎಂದು ನಾವು ಮೂವರೂ ಒಂದು ದಿನವೂ ಜೋರಾಗಿ ಕೇಳಿಕೊಂಡವರಲ್ಲ.

ಪತ್ರಿಕೆ ಬರುತ್ತಿದ್ದದ್ದು ಕೆ.ಜಿ.ಎಫ್ ಗೆಳೆಯನ ಕಡೆಯಿಂದ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅವನ ಅಣ್ಣ ಕೊಂಡು ಓದಿ ಮುಗಿಸಿದ ಮೇಲೆ ಅದು ಕೋಲಾರಕ್ಕೆ ಇಳಿಯುತ್ತಿತ್ತು. ಒಂದೇ ಪ್ರತಿ, ನಾಲ್ಕು ಜನ. ಹಾಗಾಗಿ ಓದಿದವನು ತನ್ನ ಅಭಿಪ್ರಾಯವನ್ನು ಪುಟದ ಅಂಚಿನಲ್ಲಿ ಬರೆದು ಮುಂದಿನವನಿಗೆ ಕೊಡಬೇಕು ಎಂದು ಕಟ್ಟುಪಾಡು ಮಾಡಿಕೊಂಡೆವು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು, ತೆಲುಗು, ತಮಿಳು, ಕನ್ನಡ. ಅಂಚಿನಲ್ಲಿ ಮಾತ್ರ ಎಲ್ಲರದೂ ಕನ್ನಡ. ಮೂವರು ಪೆನ್ಸಿಲ್ಲಿನಲ್ಲಿ ಬರೆದರೆ ನಾನು ಪೆನ್ನಿನಲ್ಲಿ. ವಿಮರ್ಶಕನಾಗುವ ಹುಚ್ಚು ಹತ್ತಿದ್ದವನು ನಾನೊಬ್ಬನೇ.

ಈಗ ಓದಿದರೆ ಮೊದಲು ನಗು ಬರುವುದು ಒಂದು ಸಂಗತಿಗೆ. ಅಲ್ಲಿ ವಿಮರ್ಶೆಗೊಳಗಾದ ಹಾಡುಗಳಲ್ಲಿ ನೂರಕ್ಕೆ ತೊಂಬತ್ತನ್ನು ನಾವು ಕೇಳಿಯೇ ಇರಲಿಲ್ಲ. ಕೇಬಲ್ ಟೀವಿ ನಮ್ಮ ಹಳ್ಳಿಗಳಿಗೆ ಇನ್ನೂ ಬಂದಿರಲಿಲ್ಲ. ನಿರ್ವಾಣ ತಂಡದ 1991ರ 'ನೆವರ್‌ಮೈಂಡ್' ಕ್ಯಾಸೆಟ್ಟು ನಮ್ಮ ಕೈಗೆ ಸಿಕ್ಕಿದ್ದು ಪ್ರತಿಯ ಪ್ರತಿಯ ಪ್ರತಿಯಾಗಿ. ಅದರಲ್ಲಿ ಡ್ರಮ್ಮಿನ ಪೆಟ್ಟು ತಗಡಿನ ಸೂರಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೇಳುತ್ತಿತ್ತು. ಉಳಿದದ್ದೆಲ್ಲ ಬರೀ ಓದು. ಊಟದ ವರ್ಣನೆ ಓದಿ ಹೊಟ್ಟೆ ತುಂಬಿಸಿಕೊಂಡ ಹಾಗೆ ನಾವು ಸಂಗೀತದ ವರ್ಣನೆ ಓದಿ ಕಿವಿ ತುಂಬಿಸಿಕೊಂಡೆವು.

ಆ ವರ್ಣನೆಯ ಭಾಷೆಯಾದರೂ ಎಂಥದು! ಗಿಟಾರಿನ ಸದ್ದು 'ಡರ್ಟಿ' ಆಗಿದೆ ಎಂದರೆ ಅದು ಬೈಗುಳವಲ್ಲ, ಹೊಗಳಿಕೆ ಎಂದು ತಿಳಿಯಲು ನಮಗೆ ಎರಡು ಸಂಚಿಕೆ ಹಿಡಿಯಿತು. ಹಾಡು 'ಹೆವಿ' ಇರಬೇಕು, ತಂಡ 'ಟೈಟ್' ಇರಬೇಕು. ತಂಡ ಟೈಟಾಗಿರುವುದು ಎಂದರೇನು ಎಂದು ಒಂದು ರಾತ್ರಿಯೆಲ್ಲ ಚರ್ಚೆಯಾಯಿತು. ಕುಡಿದಿರಬೇಕು ಎಂದ ಮಾಲೂರಿನವನು. ಅವನ ಲೋಕಾನುಭವ ಅಷ್ಟು. ತಾಳ ಒಂದು ಕೂದಲಿನಷ್ಟೂ ಹಿಂದೆ ಮುಂದೆ ಆಗದಂತೆ ಎಲ್ಲರೂ ಒಟ್ಟಿಗೆ ನುಡಿಸುವುದು ಎಂದು ಬಿಡಿಸಿ ಹೇಳಿದವನು ಕೆ.ಜಿ.ಎಫ್‌ನವನು. ಅವನ ತಂದೆ ಹಗಲು ಗಣಿಯಲ್ಲಿ ದುಡಿದು, ಕ್ರಿಸ್‌ಮಸ್ಸು, ಹೊಸವರ್ಷದ ಡ್ಯಾನ್ಸುಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವರು.

ಈ ಸಂಚಿಕೆಯನ್ನು ಈಗ ತೂಗಿ ನೋಡಿದರೆ, ಮೊದಲು ಹೇಳಬೇಕಾದದ್ದು ಅದರ ದೊಡ್ಡಗುಣವನ್ನೇ. ಅದಕ್ಕೂ ಮುಂಚೆ ನಮ್ಮ ದೇಶದಲ್ಲಿ ಹುಡುಗರ ಪತ್ರಿಕೆ ಇರಲಿಲ್ಲವೆಂದಲ್ಲ. ಕಲ್ಕತ್ತೆಯ ಸ್ಟೇಟ್ಸ್‌ಮನ್ ಬಳಗದ 'ಜೂನಿಯರ್ ಸ್ಟೇಟ್ಸ್‌ಮನ್' 1967ರಿಂದ 1977ರವರೆಗೆ ಡೆಸ್ಮಂಡ್ ಡಾಯಿಗ್ ಅವರ ಸಂಪಾದಕತ್ವದಲ್ಲಿ ಬಂದಿತ್ತು. ಅದರಲ್ಲಿ ಪಾಪ್ ಸಂಗೀತವೂ ಇತ್ತು, ಉಡುಗೆತೊಡುಗೆಯೂ ಇತ್ತು, ಕತೆಯೂ ಇತ್ತು. ಆದರೆ ಆ ಕಾಲದಲ್ಲಿ ಗಿಟಾರ್ ಹಿಡಿದ ಹುಡುಗ ದೊಡ್ಡ ಹೆಸರು ಮಾಡಬೇಕಾದರೆ ಹಡಗು ಹತ್ತಬೇಕಿತ್ತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಇಲ್ಲೇ ತಂಡ ಕಟ್ಟಿ ಹಾಡಿದ ಬಿದ್ದು ಅಪ್ಪಯ್ಯ ಹೆಸರು ಮಾಡಿದ್ದು ಇಂಗ್ಲೆಂಡಿಗೆ ಹೋದ ಮೇಲೆ. 1974ರಲ್ಲಿ ಲೋಕವೆಲ್ಲ ಕುಣಿದ 'ಕುಂಗ್ ಫು ಫೈಟಿಂಗ್' ಹಾಡಿನ ನಿರ್ಮಾಪಕ ಆತ. 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಮಾಡಿದವರೂ ಆತನೇ.

'ರಾಕ್ ಸ್ಟ್ರೀಟ್ ಜರ್ನಲ್' ಹೇಳಿದ್ದು ಬೇರೆ ಮಾತು. ಹಡಗು ಹತ್ತಬೇಡ, ಇಲ್ಲೇ ಹಾಡು. ಬೇರೆಯವರದ್ದನ್ನು ಒಪ್ಪಿಸಬೇಡ, ನಿನ್ನದನ್ನು ಬರೆ. ಮುಂಬೈಯ ರಾಕ್ ಮಷೀನ್ ತಂಡ ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿಕೊಂಡದ್ದೂ ಆ ಕಾಲದಲ್ಲೇ. ಮುಂದೆ ಇದೇ ಪತ್ರಿಕೆ 'ಗ್ರೇಟ್ ಇಂಡಿಯನ್ ರಾಕ್' ಎಂಬ ಉತ್ಸವ ನಡೆಸಿ, ಸ್ವಂತ ಹಾಡು ಕಟ್ಟುವ ತಂಡಗಳನ್ನು ವೇದಿಕೆ ಹತ್ತಿಸಿತು. ಅಮಿತ್ ಸೈಗಲ್ 2012ರ ಜನವರಿಯಲ್ಲಿ ಗೋವಾದಲ್ಲಿ ತೀರಿಕೊಂಡಾಗ, ದೇಶದ ಎಷ್ಟೋ ಸಂಗೀತಗಾರರು ಮನೆಯ ಹಿರಿಯನನ್ನು ಕಳೆದುಕೊಂಡಂತೆ ದುಃಖಪಟ್ಟರು. ಕೇವಲ ಪತ್ರಿಕೆ ನಡೆಸಿದವನಿಗೆ ಸಿಗುವ ಗೌರವ ಅದಲ್ಲ.

ಇನ್ನು ಕೊರತೆಯ ಮಾತು. ಈ ಸಂಚಿಕೆಯ ಪುಟಗಳ ಮೇಲೆ ಭಾರತದ ನಕ್ಷೆ ಬರೆದರೆ ಅದರಲ್ಲಿ ಮುಂಬೈ, ದೆಹಲಿ, ಕಲ್ಕತ್ತ, ಷಿಲಾಂಗ್, ಬೆಂಗಳೂರು ಕಾಣುತ್ತವೆ. ಕೆ.ಜಿ.ಎಫ್ ಕಾಣುವುದಿಲ್ಲ. ಬ್ರಿಟಿಷರ ಕಾಲದಿಂದ ಕ್ಲಬ್ಬು, ಬ್ಯಾಂಡು, ಚರ್ಚಿನ ಹಾಡು ಎಂದು ಬೆಳೆದ ಊರು ಅದು. ಅಲ್ಲಿನ ಬೇಸ್ ಗಿಟಾರಿನ ತಂದೆಯಂಥವರನ್ನು ಕುರಿತು ಒಂದು ಸಾಲೂ ಇಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು; ಮನೆಮನೆಯಿಂದ ಜನ ಹೊರಟರು. ನಮ್ಮ ಗೆಳೆಯನ ಮನೆಯೂ ಖಾಲಿಯಾಯಿತು. ಹೊರಡುವ ಮುಂಚೆ ಈ ಒಂದು ಸಂಚಿಕೆಯನ್ನು ನನ್ನ ಕೈಗಿಟ್ಟು, "ನೀನು ಬರೀತೀಯಲ್ಲ, ನಿನ್ ಹತ್ರ ಇರ್ಲಿ" ಎಂದಿದ್ದ. ಕೆ.ಜಿ.ಎಫ್ ಹೆಸರು ಮತ್ತೆ ದೇಶದ ಬಾಯಿಗೆ ಬಂದದ್ದು 2018ರ ಸಿನಿಮಾದಿಂದ. ಆ ಸಿನಿಮಾದ ಅಬ್ಬರದಲ್ಲಿ ಕ್ರಿಸ್‌ಮಸ್ ರಾತ್ರಿಯ ಆ ಬೇಸ್ ಗಿಟಾರಿಗೆ ಜಾಗವೆಲ್ಲಿ?

ಇಷ್ಟು ಬರೆದು ನಿಲ್ಲಿಸಿದ್ದರೆ ನನಗೆ ಸುಖವಾಗಿರುತ್ತಿತ್ತು. ಪತ್ರಿಕೆ ದೊಡ್ಡ ಊರುಗಳನ್ನು ನೋಡಿತು, ನಮ್ಮನ್ನು ನೋಡಲಿಲ್ಲ ಎಂದು ದೂರಿ, ಪೆನ್ನಿನ ಮುಚ್ಚಳ ಹಾಕಬಹುದಿತ್ತು. ಆದರೆ ಅಂಚಿನ ಬರಹಗಳು ನನ್ನನ್ನು ಬಿಡಲಿಲ್ಲ.

ಸಂಚಿಕೆಯ ನಡುಭಾಗದಲ್ಲಿ ಒಂದು ತಂಡದ ಡ್ರಮ್ ವಾದನವನ್ನು ಬಹಳ 'ಟೈಟ್' ಎಂದು ಹೊಗಳಿದ್ದಾರೆ. ಅದರ ಪಕ್ಕದ ಅಂಚಿನಲ್ಲಿ ಶ್ರೀನಿವಾಸಪುರದವನ ಪೆನ್ಸಿಲ್ ಅಕ್ಷರ: "ನಮ್ಮ ತಮಟೆ ಇದಕ್ಕಿಂತ ಟೈಟು. ಬೆಂಕಿಗೆ ಹಿಡಿದರೆ ಸಾಕು." ಅದರ ಕೆಳಗೆ, ನೀಲಿ ಪೆನ್ನಿನಲ್ಲಿ, ನನ್ನ ಅಕ್ಷರ: "ಅದು ಸಂಗೀತವಲ್ಲ, ಸದ್ದು."

ಅದಾದ ಮೇಲೆ ಅವನ ಪೆನ್ಸಿಲ್ ಇಲ್ಲ. ಪುಟ ತಿರುವಿದೆ, ಮತ್ತೆ ತಿರುವಿದೆ. ಮಾಲೂರಿನವನ ತಮಾಷೆ ಇದೆ, ಕೆ.ಜಿ.ಎಫ್‌ನವನ ತಿದ್ದುಪಡಿ ಇದೆ, ನನ್ನ ನೀಲಿ ಪಾಂಡಿತ್ಯವಂತೂ ಕೊನೆಯ ಪುಟದವರೆಗೂ ಹರಿದಿದೆ. ಅವನದು ಅಲ್ಲಿಗೇ ನಿಂತಿದೆ. ಮೂವತ್ತು ವರ್ಷ ಈ ಸಂಗತಿ ನನ್ನ ಅಟ್ಟದ ಮೇಲೇ ಇತ್ತು.

ಆ ಸಾಲು ಬರೆದಾಗ ನನಗೆ ತಿಳಿಯದಿದ್ದದ್ದು ಒಂದೆರಡಲ್ಲ. ತಮಟೆಯ ಚರ್ಮ ತಣ್ಣಗಾದರೆ ಸಡಿಲವಾಗುತ್ತದೆ. ಹುಲ್ಲು ಉರಿಸಿ ಆ ಬೆಂಕಿಗೆ ಹಿಡಿದರೆ ಬಿಗಿಯುತ್ತದೆ. ಎಷ್ಟು ಕಾಯಬೇಕು ಎಂಬುದು ಬಾರಿಸುವವನ ಬೆರಳಿಗೆ ಗೊತ್ತು. ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳುವಾದ ಉದ್ದನೆಯ ಕಡ್ಡಿ. ಎರಡೂ ಎರಡು ಮಾತಾಡುತ್ತವೆ. ಗಿಟಾರಿನ ತಂತಿ ಬಿಗಿಯುವುದನ್ನು ಇಂಗ್ಲಿಷಿನಲ್ಲಿ ಓದಿ ತಲೆದೂಗಿದವನು, ನಮ್ಮೂರ ಜಾತ್ರೆಯಲ್ಲಿ ಹುಲ್ಲಿನ ಬೆಂಕಿಯ ಸುತ್ತ ಶ್ರುತಿ ಕೂಡಿಸುತ್ತಿದ್ದವರನ್ನು ದಾಟಿಕೊಂಡು ಹೋಗಿ ಕಡಲೆಪುರಿ ಕೊಂಡಿದ್ದೆ.

ಇನ್ನೊಂದು ಸಂಗತಿ ಇನ್ನೂ ನಾಚಿಕೆಯದು. ರಾಕ್ ಸಂಗೀತದ ಬೇರಾದರೂ ಎಲ್ಲಿಯದು? ಅಮೆರಿಕದ ಮಿಸಿಸಿಪಿ ನಾಡಿನ ಹತ್ತಿಯ ತೋಟದಲ್ಲಿ ದುಡಿಯುತ್ತಿದ್ದ ಮಡ್ಡಿ ವಾಟರ್ಸ್ ಎಂಬ ಕಪ್ಪು ಹಾಡುಗಾರನ ಹಾಡನ್ನು ಅಲನ್ ಲೊಮ್ಯಾಕ್ಸ್ ಎಂಬ ಸಂಗ್ರಾಹಕ 1941ರಲ್ಲಿ ಆ ತೋಟದಲ್ಲೇ ಧ್ವನಿಮುದ್ರಿಸಿಕೊಂಡ. ಎರಡು ವರ್ಷದ ಮೇಲೆ ಮಡ್ಡಿ ಷಿಕಾಗೋ ಸೇರಿದ. ಅಲ್ಲಿನ ಹೆಂಡದಂಗಡಿಗಳ ಗದ್ದಲದಲ್ಲಿ ಬರಿಯ ಗಿಟಾರು ಯಾರಿಗೂ ಕೇಳಿಸದೆ, ವಿದ್ಯುತ್ ಗಿಟಾರು ಹಿಡಿದ. ಸದ್ದು ಹೆಚ್ಚಿಸಿದ್ದು ಷೋಕಿಗಲ್ಲ, ಕೇಳಿಸಲಿ ಎಂದು. 1950ರ ಅವನ 'ರೋಲಿನ್ ಸ್ಟೋನ್' ಹಾಡಿನಿಂದ ಇಂಗ್ಲೆಂಡಿನ ಹುಡುಗರು ತಮ್ಮ ತಂಡಕ್ಕೆ ಹೆಸರಿಟ್ಟುಕೊಂಡರು. 1967ರ ನವೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರಟ 'ರೋಲಿಂಗ್ ಸ್ಟೋನ್' ಪತ್ರಿಕೆಯ ಹೆಸರಿನ ಹಿಂದೆಯೂ ಅದೇ ಹಾಡಿದೆ. ಆ ಪತ್ರಿಕೆಯ ಸ್ಥಾಪಕರಲ್ಲೊಬ್ಬರಾದ ರಾಲ್ಫ್ ಗ್ಲೀಸನ್ ಮೊದಲ ಸಂಚಿಕೆಯಲ್ಲೇ, ಟೀವಿಯ ಪರದೆಯ ಮೇಲೆ ಕಪ್ಪು ಸಂಗೀತಗಾರರು ಯಾಕೆ ಕಾಣುವುದಿಲ್ಲ ಎಂಬ ವಿಚಾರ ಎತ್ತಿದರು. ಯಾರು ಕಾಣುತ್ತಿಲ್ಲ, ಯಾರು ಕೇಳುತ್ತಿಲ್ಲ ಎಂದು ವಿಚಾರಿಸುವುದು ರಾಕ್ ವಿಮರ್ಶೆಗೆ ಹುಟ್ಟಿನಿಂದಲೇ ಬಂದ ಕೆಲಸ.

ನಾನು ಆ ವಿಮರ್ಶೆಯಿಂದ ವಿಶೇಷಣಗಳನ್ನು ಮಾತ್ರ ಕಲಿತೆ. ಸಾವಿರಾರು ಮೈಲಿ ಆಚೆಯ ಕೂಲಿಕಾರನ ಸದ್ದು ನನಗೆ ಸಂಗೀತವಾಯಿತು. ಕೂಗಳತೆಯ ಕೇರಿಯ ಸಂಗೀತ ಸದ್ದಾಯಿತು. ಅದೂ ಯಾವ ಜಿಲ್ಲೆಯಲ್ಲಿ? 1970-80ರ ದಶಕಗಳಲ್ಲಿ ದಲಿತ ಚಳವಳಿಯ ಹಾಡುಗಳು ತಮಟೆಯ ಜೊತೆ ಊರೂರು ಸುತ್ತಿದ ಕೋಲಾರದಲ್ಲಿ. ಕೋಟಿಗಾನಹಳ್ಳಿ ರಾಮಯ್ಯನವರಂಥ ಕವಿ ನಮ್ಮ ನಡುವೆಯೇ ಇದ್ದು ಹಾಡು ಕಟ್ಟುತ್ತಿದ್ದಾಗ. ಮುಂದೆ ಅವರೂ ಗೆಳೆಯರೂ ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ' ಕಟ್ಟಿ, ಹುಣ್ಣಿಮೆಯ ಬೆಳಕಿನಲ್ಲಿ ಹಾಡು ನಾಟಕ ಆಡಿಸಿದರು. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಅವರ ಚಿಕ್ಕಬಳ್ಳಾಪುರ ಜಿಲ್ಲೆ 2007ರವರೆಗೆ ನಮ್ಮ ಕೋಲಾರ ಜಿಲ್ಲೆಯೇ ಆಗಿತ್ತು. ಪತ್ರಿಕೆಯಲ್ಲಿ ಆ ಸುದ್ದಿ ಓದಿ ನಾನೂ ಸಂತೋಷಪಟ್ಟಿದ್ದೆ. ನನ್ನ ನೀಲಿ ಸಾಲು ಆಗ ನೆನಪಿಗೆ ಬರಲಿಲ್ಲ.

ಮಾಲೂರಿನ ಗೆಳೆಯನ ಒಂದು ಪ್ರಸಂಗ ಇಲ್ಲಿ ಹೇಳಬೇಕು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ತಂಡ ಬಂದಾಗ ಅವನು ಟಿಕೆಟ್ ಕೊಂಡು ಹೋಗಿದ್ದ. ಜನಸಾಗರದ ನಡುವೆ ನಿಂತು ನನಗೆ ಫೋನು ಮಾಡಿ, "ಕೇಳೋ, ಕೇಳೋ" ಎಂದು ಕೂಗಿ ಫೋನನ್ನು ಮೇಲಕ್ಕೆ ಹಿಡಿದ. ಹೊಲದ ಬದುವಿನ ಮೇಲೆ ನಿಂತು ಕಿವಿಗೊಟ್ಟೆ. ನನಗೆ ಕೇಳಿಸಿದ್ದು ಬರೀ ಸದ್ದು. ದೂರದಲ್ಲಿ ನಿಂತವನಿಗೆ ಎಲ್ಲ ಸಂಗೀತವೂ ಸದ್ದೇ ಎಂದು ಆಗ ಹೊಳೆದಿದ್ದರೂ ಸಾಕಿತ್ತು.

ಕಳೆದ ತಿಂಗಳು ಸಂಚಿಕೆಯನ್ನು ಚೀಲಕ್ಕೆ ಹಾಕಿಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಮಾವಿನ ಕಾಲ, ದಾರಿಯುದ್ದಕ್ಕೂ ಕಾಯಿ ತುಂಬಿದ ಲಾರಿಗಳು. ಗೆಳೆಯ ಈಗ ಅಲ್ಲೇ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಪುಟ ತೆರೆದು ಅವನ ಮುಂದಿಟ್ಟೆ. ಪೆನ್ಸಿಲ್ಲು ಮಾಸಿತ್ತು, ಕನ್ನಡಕ ಏರಿಸಿ, ಬಾಗಿಲ ಬೆಳಕಿಗೆ ಹಿಡಿದು ಓದಿದ. ನನ್ನ ಸಾಲನ್ನು ಓದಲು ಬೆಳಕೇನೂ ಬೇಕಿರಲಿಲ್ಲ.

"ಆವತ್ತು ಯಾಕೆ ಏನೂ ಅನ್ಲಿಲ್ಲ ನೀನು?" ಎಂದೆ.

"ಏನನ್ನೋದು? ನೀನು ಬರೆದಿದ್ದನ್ನೇ ಅದಕ್ಕೆ ಒಂದು ವರ್ಷ ಮುಂಚೆ ನಾನು ಮನೇಲಿ ಅಪ್ಪಂಗೆ ಅಂದಿದ್ದೆ" ಎಂದ.

ನನಗೆ ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ. "ಸಾವಿಗೆ ಬಾರಿಸೋದು, ಸಾರೋಕೆ ಬಾರಿಸೋದು, ಯಾರ್ಯಾರದೋ ಬಾಗಿಲಲ್ಲಿ ನಿಂತು ಬಾರಿಸೋದು, ಇನ್ನು ಬೇಡ ಅಂತ ನಮ್ಮ ಕೇರಿ ಹುಡುಗರೆಲ್ಲ ತೀರ್ಮಾನ ಮಾಡಿದ್ವಿ. ಅಪ್ಪಂಗೆ ಹೇಳಿದವನು ನಾನೇ. ಅಪ್ಪ ಮಾತಾಡ್ಲಿಲ್ಲ, ತಮಟೇನ ಗೋಡೆಗೆ ನೇತುಹಾಕಿದ. ನಾವು ಬೇಡ ಅಂದಿದ್ದು ಚಾಕರೀನ ಕಣೋ, ತಮಟೇನಲ್ಲ. ಅದನ್ನ ಅಪ್ಪಂಗೆ ಬಿಡಿಸಿ ಹೇಳೋಕೆ ನನಗೆ ಬರ್ಲಿಲ್ಲ. ಬರೆಯೋಕೆ ಜಾಗ ಸಿಕ್ಕಿದ್ದು ಇಲ್ಲಿ."

ಅಷ್ಟು ಹೇಳಿ ಅಂಚನ್ನು ಬೆರಳಿನಿಂದ ತೋರಿಸಿದ. ಒಳಗಿನಿಂದ ಅವನ ಹೆಂಡತಿ ಮಾವಿನಹಣ್ಣು ಕೊಯ್ದು ತಂದಿಟ್ಟರು. ಸ್ವಲ್ಪ ಹೊತ್ತು ಇಬ್ಬರೂ ತಿಂದೆವು.

ತಂದೆ ತೀರಿಕೊಂಡು ಎಷ್ಟೋ ವರ್ಷವಾಯಿತಂತೆ. ತಮಟೆಯ ಚರ್ಮ ಹುಳ ಹಿಡಿದು ಹೋಗಿ, ಬಳೆ ಮಾತ್ರ ಉಳಿದಿದೆಯಂತೆ. ಶಾಲೆಯ ವಾರ್ಷಿಕೋತ್ಸವಕ್ಕೆ ಈಚೆಗೆ ಪ್ಲಾಸ್ಟಿಕ್ ಹೊದಿಕೆಯ ತಮಟೆ ತರಿಸಿ ಹುಡುಗರಿಂದ ಬಾರಿಸುತ್ತಾರೆ. ಅದನ್ನು ಬೆಂಕಿಗೆ ಹಿಡಿಯುವ ಹಾಗಿಲ್ಲ ಎಂದು ನಕ್ಕ. "ಎಲ್ಲರೂ ಈಗ ಜಾನಪದ ಅಂತ ಚಪ್ಪಾಳೆ ಹೊಡೀತಾರೆ. ಹೊಡೀಲಿ. ಚಪ್ಪಾಳೆ ಹೊಡೆದೋರ ಮನೇಲಿ ರೂಮು ಸಿಗುತ್ತಾ ಅಂತ ಕೇಳಬೇಕು" ಎಂದ. ನಮ್ಮ ಕೋಲಾರದ ರೂಮನ್ನು ಅವನು ಮರೆತಿರಲಿಲ್ಲ.

ಈಗ ಈ ಸಂಚಿಕೆಯ ಬಗ್ಗೆ ನನ್ನ ತೀರ್ಪು ಹೇಳಬೇಕಾದರೆ ಹೀಗೆ ಹೇಳುತ್ತೇನೆ. ಅಲಹಾಬಾದಿನಲ್ಲಿ ಕೂತು ಇಷ್ಟು ದೂರದ ಹುಡುಗರಿಗೆ 'ನಿನ್ನದನ್ನು ಹಾಡು' ಎಂದು ಹೇಳಿದ ಪತ್ರಿಕೆಗೆ ಕೆ.ಜಿ.ಎಫ್ ಕಾಣಲಿಲ್ಲ, ತಮಟೆ ಕೇಳಲಿಲ್ಲ ಎಂದು ದೂರುವುದು ಸುಲಭ. ಆದರೆ ಅದರ ಮಾತನ್ನು ಸರಿಯಾಗಿ ಕೇಳಿಸಿಕೊಂಡವನು ನಮ್ಮ ನಾಲ್ವರಲ್ಲಿ ಒಬ್ಬನೇ. ಓದಿದ ಕೂಡಲೇ ಅವನು ತನ್ನ ಮನೆಯ ಗೋಡೆಯ ಕಡೆ ನೋಡಿದ. ಆ ಸಂಚಿಕೆಯಲ್ಲಿರುವ ಅತ್ಯುತ್ತಮ ವಿಮರ್ಶೆ ಅಚ್ಚಾದದ್ದಲ್ಲ, ಪೆನ್ಸಿಲ್ಲಿನದು. ಅತ್ಯಂತ ಕೆಟ್ಟದ್ದು ನನ್ನದು.

ಹೊರಡುವಾಗ ಪತ್ರಿಕೆಯನ್ನು ಅವನಲ್ಲೇ ಬಿಟ್ಟೆ. "ನಿನ್ನ ಸಾಲು ಹೊಡೆದು ಹಾಕೋದಿದ್ರೆ ಹಾಕಿ ಹೋಗು" ಎಂದು ಪೆನ್ನು ಕೊಡಲು ಬಂದ. ಬೇಡವೆಂದೆ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದು, ಬುಟ್ಟಿಯಲ್ಲಿ ಮಾವಿನಹಣ್ಣು ಕಟ್ಟಿಸಿ, ಮುಳಬಾಗಿಲಿನ ಬಸ್ಸಿಗೆ ಹತ್ತಿಸಿ ಹೋದ.